ಮುದ್ರಿಕೆಗೆ ಸಲ್ಲುವ ಮರ್ಯಾದೆ

ನಮ್ಮಲ್ಲಿ ಶಾಸ್ತ್ರೀಯ ಸಂಗೀತದ ಪ್ರಶಸ್ತಿ ಎಂದರೆ ಅದು ವ್ಯಕ್ತಿಗೆ ಸಲ್ಲುವಂಥದ್ದು. ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿಯ ಕಲಾಶ್ರೀ ಇರಲಿ, ಬೆಂಗಳೂರು ಗಾಯನ ಸಮಾಜದ ಸಂಗೀತ ಕಲಾರತ್ನ ಇರಲಿ, ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಇರಲಿ, ಹತ್ತಾರು ವರ್ಷದ ಸಾಧನೆಯನ್ನು ಒಟ್ಟಾಗಿ ತೂಗಿ, ಹಿರಿತನ ನೋಡಿ, ಶಾಲು ಹೊದಿಸಿ ಬಿರುದು ಕೊಡುತ್ತಾರೆ. ಅದು ಆಗಬೇಕಾದ್ದೇ. ಆದರೆ ಒಂದು ನಿರ್ದಿಷ್ಟ ಧ್ವನಿಮುದ್ರಿಕೆಯನ್ನು ಮುಂದಿಟ್ಟುಕೊಂಡು, ಅದೇ ಕೃತಿಯ ಹಳೆಯ ಮುದ್ರಿಕೆಗಳ ಪಕ್ಕದಲ್ಲಿಟ್ಟು ಕೇಳಿ, ‘ಈ ವರ್ಷ ಬಂದವುಗಳಲ್ಲಿ ಇದು ಮೇಲು, ಕಾರಣ ಇಂಥದ್ದು’ ಎಂದು ಬರೆದು ಹೇಳುವ ಪದ್ಧತಿ ಇಲ್ಲಿ ಬೇರೂರಲಿಲ್ಲ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಅದು ಅರ್ಧ ಶತಮಾನಕ್ಕೂ ಹಿಂದಿನಿಂದ ನಡೆದುಬಂದಿದೆ. ಅದರಲ್ಲಿ ನನಗೆ ಹೆಚ್ಚು ಗೌರವ ಇರುವುದು ಬ್ರಿಟನ್ನಿನ ಗ್ರಾಮಫೋನ್ ಪತ್ರಿಕೆಯ ವಾರ್ಷಿಕ ಪ್ರಶಸ್ತಿಗಳ ಮೇಲೆ.

ಗ್ರಾಮಫೋನ್ ಶುರುವಾದದ್ದು 1923ರಲ್ಲಿ. ಸ್ಥಾಪಕ ಕಾಂಪ್ಟನ್ ಮೆಕೆಂಜಿ ಸಂಗೀತಗಾರನಲ್ಲ, ಕಾದಂಬರಿಕಾರ. ಆಗ ಒಂದು ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ಹೆಚ್ಚೆಂದರೆ ನಾಲ್ಕೂವರೆ ನಿಮಿಷ. ಸಿಂಫನಿಯೊಂದನ್ನು, ಅಂದರೆ ವಾದ್ಯವೃಂದಕ್ಕೆ ಬರೆದ ದೀರ್ಘ ಕೃತಿಯನ್ನು, ಕೊಳ್ಳಬೇಕಾದರೆ ಭಾರದ ಆಲ್ಬಂ ಹೊತ್ತು ತರಬೇಕಿತ್ತು. ಬೆಲೆಯೂ ಸಾಮಾನ್ಯರ ಕೈಗೆಟುಕುವಂಥದ್ದಲ್ಲ. ಅಷ್ಟು ದುಡ್ಡು ಹಾಕುವ ಮುಂಚೆ ‘ಯಾವುದು ಕೊಳ್ಳಲಿ’ ಎಂದು ಕೇಳುವ ಓದುಗನಿಗೆ ಉತ್ತರ ಕೊಡುವುದೇ ಪತ್ರಿಕೆಯ ಕಸುಬಾಯಿತು. ಪ್ರಶಸ್ತಿ ಬಂದದ್ದು ಅದಾದ 54 ವರ್ಷಕ್ಕೆ, 1977ರಲ್ಲಿ. ಹೀಗಾಗಿ ಅದರ ಬೇರು ಸಮಾರಂಭದಲ್ಲಿಲ್ಲ, ತಿಂಗಳು ತಿಂಗಳೂ ಬರೆಯುವ ವಿಮರ್ಶೆಯಲ್ಲಿದೆ.

ಕ್ರಮ ಹೀಗೆ. ವರ್ಷದುದ್ದಕ್ಕೂ ಪತ್ರಿಕೆಗೆ ಬರುವ ಹೊಸ ಮುದ್ರಿಕೆಗಳನ್ನು ಆಯಾ ಕ್ಷೇತ್ರದ ವಿಮರ್ಶಕರಿಗೆ ಹಂಚುತ್ತಾರೆ. ಒಪೇರಾ (ಹಾಡಿನಲ್ಲೇ ಆಡುವ ನಾಟಕ) ಬಲ್ಲವರಿಗೆ ಒಪೇರಾ, ಹದಿನಾರನೇ ಶತಮಾನದ ಚರ್ಚ್ ಸಂಗೀತ ಬಲ್ಲವರಿಗೆ ಅದು. ಪ್ರತಿ ಸಂಚಿಕೆಯಲ್ಲೂ ಕೆಲವನ್ನು ‘ಸಂಪಾದಕರ ಆಯ್ಕೆ’ ಎಂದು ಗುರುತಿಸುತ್ತಾರೆ. ವರ್ಷ ಕಳೆದ ಮೇಲೆ ಹೀಗೆ ಎದ್ದು ನಿಂತವುಗಳಿಂದ ಉದ್ದ ಪಟ್ಟಿ ತಯಾರಾಗುತ್ತದೆ. ವಾದ್ಯವೃಂದ, ಕನ್ಸರ್ಟೊ (ವಾದ್ಯವೃಂದದ ಜೊತೆ ಒಂದು ವಾದ್ಯ ಮುಂದಾಗಿ ನುಡಿಯುವ ಕೃತಿ), ಚೇಂಬರ್ (ಕೆಲವೇ ವಾದ್ಯಗಳ ಸಂಗೀತ), ಒಪೇರಾ, ಸಮೂಹಗಾಯನ, ಪ್ರಾಚೀನ ಸಂಗೀತ, ಸಮಕಾಲೀನ ಸಂಗೀತ ಹೀಗೆ ವಿಭಾಗಗಳು. ಪ್ರತಿ ವಿಭಾಗದ ತಜ್ಞರು ಅದನ್ನು ಕೇಳಿ ಕೇಳಿ ಸೋಸಿ, ಕೊನೆಗೆ ಒಂದೊಂದು ವಿಭಾಗಕ್ಕೂ ಒಂದೊಂದು ಮುದ್ರಿಕೆ ಆರಿಸುತ್ತಾರೆ. ಆಮೇಲೆ ಬರುವ ಹಂತ ಎಲ್ಲಕ್ಕಿಂತ ಕಷ್ಟದ್ದು. ವಿಭಾಗಗಳಲ್ಲಿ ಗೆದ್ದ ಮುದ್ರಿಕೆಗಳೆಲ್ಲ ಒಂದರ ಎದುರು ಒಂದು ನಿಲ್ಲುತ್ತವೆ. ನಾಲ್ಕು ಗಂಟೆಯ ಒಪೇರಾ ಒಂದು ಕಡೆ, ಒಬ್ಬಳೇ ನುಡಿಸುವ ಪಿಯಾನೊ ಇನ್ನೊಂದು ಕಡೆ. ಅವುಗಳಲ್ಲಿ ಒಂದು ‘ವರ್ಷದ ಮುದ್ರಿಕೆ’ ಆಗುತ್ತದೆ.

ಇಲ್ಲಿ ಗಮನಿಸಬೇಕಾದ್ದು, ಮತ ಹಾಕುವವರೆಲ್ಲ ಈ ಮುದ್ರಿಕೆಗಳ ಬಗ್ಗೆ ಸಹಿ ಹಾಕಿ ಬರೆದವರು, ಬರೆಯುವವರು. ಕಳೆದ ವರ್ಷ ಹೊಗಳಿ ಬರೆದದ್ದು ಈ ವರ್ಷ ಸವಕಲಾಗಿ ಕೇಳಿಸಿದರೆ ಓದುಗ ಹಳೆಯ ಸಂಚಿಕೆ ತೆಗೆದು ಕೇಳಬಲ್ಲ. ಸಹಿ ಇಲ್ಲದ ತೀರ್ಪುಗಾರರ ಸಮಿತಿಗೆ ಈ ಹೊಣೆ ಇರುವುದಿಲ್ಲ.

ಮೊದಲ ವರ್ಷದ ಆಯ್ಕೆಯೇ ಈ ಪ್ರಶಸ್ತಿಯ ದಿಕ್ಕು ತೋರಿಸಿತು. 1977ರ ವರ್ಷದ ಮುದ್ರಿಕೆ ಬೀಥೋವನ್ ಅಲ್ಲ, ಮೊಜಾರ್ಟ್ ಅಲ್ಲ. ಚೆಕ್ ಸಂಗೀತಕಾರ ಯಾನಾಚೆಕ್‌ನ ‘ಕಾತ್ಯಾ ಕಬಾನೊವಾ’ ಒಪೇರಾ. ಕಂಡಕ್ಟರ್, ಅಂದರೆ ವಾದ್ಯವೃಂದವನ್ನು ನಡೆಸಿದವನು, ಚಾರ್ಲ್ಸ್ ಮೆಕ್ಯಾರಸ್, ವಾದ್ಯವೃಂದ ವಿಯೆನ್ನಾ ಫಿಲ್‌ಹಾರ್ಮೊನಿಕ್, ಕಾತ್ಯಾ ಪಾತ್ರಕ್ಕೆ ಎಲಿಸಬೆತ್ ಸೋಡರ್‌ಸ್ಟ್ರಾಮ್, ಲೇಬಲ್, ಅಂದರೆ ಹೊರತಂದ ಕಂಪನಿ, ಡೆಕ್ಕಾ. ಮೆಕ್ಯಾರಸ್ 1940ರ ದಶಕದಲ್ಲಿ ಪ್ರಾಗ್‌ಗೆ ಹೋಗಿ ಕಲಿತವನು. 1951ರಲ್ಲಿ ಇದೇ ಒಪೇರಾವನ್ನು ಬ್ರಿಟನ್ನಿಗೆ ಮೊದಲು ತೋರಿಸಿದವನೂ ಅವನೇ. ಯಾನಾಚೆಕ್‌ನ ವಾದ್ಯಬರಹ ಒರಟು ಎಂದುಕೊಂಡು ಆಮೇಲಿನವರು ತಿದ್ದಿ ನಯ ಮಾಡಿದ್ದರು. ಮೆಕ್ಯಾರಸ್ ಆ ತಿದ್ದುಪಡಿಯನ್ನು ಪಕ್ಕಕ್ಕಿಟ್ಟು ಮೂಲಕ್ಕೆ ಮರಳಿದ. ಇಪ್ಪತ್ತೈದು ವರ್ಷ ಒಂದು ಕೃತಿಯ ಜೊತೆ ಬದುಕಿದವನ ತಿಳಿವಳಿಕೆ ಆ ಮುದ್ರಿಕೆಯಲ್ಲಿ ಸಿಕ್ಕಿತು. ಪ್ರಶಸ್ತಿ ಬಂದ ಮೇಲೆ ಅಂಗಡಿಗಳು ಅದನ್ನು ಮುಂದಿನ ಸಾಲಿನಲ್ಲಿಟ್ಟವು. ಡೆಕ್ಕಾ ಇದೇ ಕಂಡಕ್ಟರ್, ಇದೇ ವಾದ್ಯವೃಂದ ಇಟ್ಟುಕೊಂಡು ಯಾನಾಚೆಕ್‌ನ ಇತರ ಒಪೇರಾಗಳನ್ನು ಒಂದೊಂದಾಗಿ ಹೊರತಂದಿತು. ಇವತ್ತಿಗೂ ಯಾನಾಚೆಕ್ ಕೇಳಲು ಹೊರಟವರಿಗೆ ಆ ಸರಣಿಯನ್ನೇ ಮೊದಲು ಹೇಳುತ್ತಾರೆ.

ಮುದ್ರಿಕೆಗೆ ಪ್ರತ್ಯೇಕ ಪ್ರಶಸ್ತಿ ಯಾಕೆ ಬೇಕು ಎಂಬುದು ಅರ್ಥವಾಗಬೇಕಾದರೆ ಮುದ್ರಿಕೆ ತಯಾರಾಗುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಕಛೇರಿಯಲ್ಲಿ ಮೈಕು ಇಟ್ಟು ಗುಂಡಿ ಒತ್ತಿದರೆ ಆಗುವ ಕೆಲಸ ಅಲ್ಲ ಅದು.

ಬ್ರಿಟನ್ನಿನ ವಾಡಿಕೆಯಲ್ಲಿ ವಾದ್ಯವೃಂದದ ಒಂದು ಸೆಷನ್ ಎಂದರೆ 3 ಗಂಟೆ, ನಡುವೆ ವಿರಾಮ ಸೇರಿ. ಸಂಗೀತಗಾರರ ಸಂಘದ ಒಪ್ಪಂದದ ಪ್ರಕಾರ ಅಂಥ ಒಂದು ಸೆಷನ್ನಿನಿಂದ ಬಳಸಬಹುದಾದ ಸಂಗೀತ ಹೆಚ್ಚೆಂದರೆ 20 ನಿಮಿಷ. 40 ನಿಮಿಷದ ಸಿಂಫನಿಗೆ ಕಾಗದದ ಮೇಲೆ ಎರಡು ಸೆಷನ್ ಸಾಕು. ನಿಜದಲ್ಲಿ ಮೂರೋ ನಾಲ್ಕೋ ಬೇಕಾಗುತ್ತದೆ. ಮೊದಲ ಸೆಷನ್ನಿನ ಒಳ್ಳೆಯ ಭಾಗ ಮೈಕುಗಳ ಜಾಗ ನಿಗದಿ ಮಾಡುವುದರಲ್ಲೇ ಹೋಗುತ್ತದೆ. 1950ರ ದಶಕದಲ್ಲಿ ಡೆಕ್ಕಾದ ಇಂಜಿನಿಯರುಗಳು ರೂಪಿಸಿದ ಒಂದು ವ್ಯವಸ್ಥೆ ಇದೆ, ‘ಡೆಕ್ಕಾ ಟ್ರೀ’ ಅಂತ. ಎಲ್ಲ ದಿಕ್ಕಿನ ಸದ್ದನ್ನೂ ಹಿಡಿಯುವ ಮೂರು ಮೈಕು, ಹೆಚ್ಚಾಗಿ ನಾಯ್ಮನ್ ಎಂ50. ಎಡಬಲದ ಎರಡರ ನಡುವೆ ಸುಮಾರು 2 ಮೀಟರ್ ಅಂತರ, ಮೂರನೆಯದು ಒಂದು ಒಂದೂವರೆ ಮೀಟರ್ ಮುಂದೆ, ಮೂರೂ ಕಂಡಕ್ಟರನ ತಲೆಯ ಮೇಲೆ ಎತ್ತರದಲ್ಲಿ. ಅದು ಅರ್ಧ ಮೀಟರ್ ಹಿಂದೆ ಸರಿದರೆ ಪಿಟೀಲುಗಳು ಸಭಾಂಗಣದ ಗುಂಗಿನಲ್ಲಿ ಕರಗುತ್ತವೆ. ಮುಂದೆ ಬಂದರೆ ಮೊದಲ ಸಾಲಿನ ಕಮಾನಿನ ಕೆರೆತ ಕೇಳುತ್ತದೆ, ಹಿಂದಿನ ಹಾರ್ನ್‌ಗಳು ಮಂಕಾಗುತ್ತವೆ. ಇದನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿ ಮಾಡಲಾಗುವುದಿಲ್ಲ. ಜಾಗದಲ್ಲಿ ತಪ್ಪಿದ್ದು ತಪ್ಪೇ.

ಇನ್ನೊಂದು ತೊಂದರೆ ಶ್ರುತಿಯದು. ತೊಂಬತ್ತು ಜನ ಕೂತು ನುಡಿಸುವ ಕೋಣೆ ಬೆಳಗಿನಿಂದ ಮಧ್ಯಾಹ್ನಕ್ಕೆ ನಾಲ್ಕು ಡಿಗ್ರಿ ಬೆಚ್ಚಗಾಯಿತು ಅಂದುಕೊಳ್ಳಿ. ಬಿಸಿ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚು. ಒಂದೊಂದು ಡಿಗ್ರಿಗೂ ಊದುವ ವಾದ್ಯಗಳ ಶ್ರುತಿ ಸುಮಾರು 3 ಸೆಂಟ್‌ನಷ್ಟು ಮೇಲೇರಲು ನೋಡುತ್ತದೆ. ಸೆಂಟ್ ಎಂದರೆ ಅರ್ಧ ಸ್ವರದ ನೂರರಲ್ಲೊಂದು ಪಾಲು. ನಾಲ್ಕು ಡಿಗ್ರಿಗೆ 12 ಸೆಂಟ್. ತಂತಿ ವಾದ್ಯಗಳೋ ಬಿಸಿಗೆ ಸಡಿಲಗೊಂಡು ಕೆಳಗಿಳಿಯುತ್ತವೆ. ಬೆಳಗಿನ ಟೇಕಿಗೆ (ಒಂದು ಸಲ ನುಡಿಸಿ ಮುದ್ರಿಸಿದ್ದಕ್ಕೆ) ಮಧ್ಯಾಹ್ನದ ಟೇಕಿನ ನಾಲ್ಕು ಆವರ್ತ ತಂದು ಹೊಲಿದರೆ ಕಿವಿ ಅಲ್ಲಿ ಮುಗ್ಗರಿಸುತ್ತದೆ. ಅದಕ್ಕೇ ಅನುಭವಿ ಪ್ರೊಡ್ಯೂಸರ್ ಗಂಟೆಗೊಮ್ಮೆ ಶ್ರುತಿ ಹಿಡಿಸುತ್ತಾನೆ, ತಿದ್ದುವ ಭಾಗವನ್ನು ಆಗಿಂದಾಗಲೇ ಮತ್ತೆ ನುಡಿಸಿಕೊಳ್ಳುತ್ತಾನೆ. ಸ್ಕೋರಿನ, ಅಂದರೆ ಕೃತಿಯ ಸ್ವರಲಿಪಿಯ, ಪುಟದ ಮೇಲೆ ಪ್ರತಿ ಟೇಕಿನ ಸಂಖ್ಯೆ, ಎಲ್ಲಿ ಶುರು, ಎಲ್ಲಿ ನಿಂತಿತು, ಎಲ್ಲಿ ಓಬೋ ವಾದ್ಯದ ಸ್ವರ ಒಡೆಯಿತು, ಎಲ್ಲಿ ಹೊರಗೆ ಲಾರಿ ಹೋಯಿತು, ಎಲ್ಲ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುತ್ತಾನೆ. ಎಡಿಟ್ ಮಾಡುವವರಿಗೆ ಆ ಪುಟವೇ ನಕ್ಷೆ. ಇನ್ನೂ ಒಂದು ಸೂಕ್ಷ್ಮ: ತಿದ್ದುವ ಜಾಗಕ್ಕಿಂತ ಎರಡು ಮೂರು ಆವರ್ತ ಮುಂಚಿನಿಂದಲೇ ನುಡಿಸಿಕೊಳ್ಳಬೇಕು. ಇಲ್ಲದಿದ್ದರೆ ಹಿಂದಿನ ಸ್ವರದ ಅನುರಣನ ಸಭಾಂಗಣದಲ್ಲಿ ಇರುವುದಿಲ್ಲ, ಹೊಲಿಗೆ ಬಾಯಿ ಬಿಡುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಮುದ್ರಿಕೆ ಸತ್ತಂತಿರಬಹುದು. ಸ್ವರ ತಪ್ಪಿಲ್ಲ, ಜೀವವೂ ಇಲ್ಲ. ಒಳ್ಳೆಯ ವಿಮರ್ಶಕ ಹಿಡಿಯುವುದು ಇದನ್ನೇ: ಹೊಲಿಗೆ ಕಾಣದೆಯೂ ಓಟ ಉಳಿದಿದೆಯೇ ಎಂದು.

ಆದ್ದರಿಂದ ಮುದ್ರಿಕೆ ಎಂಬುದು ಕಲಾವಿದ, ಪ್ರೊಡ್ಯೂಸರ್, ಇಂಜಿನಿಯರ್, ಲೇಬಲ್, ಸಭಾಂಗಣ ಎಲ್ಲ ಸೇರಿ ಕಟ್ಟಿದ ಸ್ವತಂತ್ರ ಕೃತಿ. ಕೆಲವು ಸಲ ಅದು ಬೇರೆಲ್ಲೂ ಇಲ್ಲದ ಕೃತಿ. 2001ರ ವರ್ಷದ ಮುದ್ರಿಕೆ ಇದಕ್ಕೆ ನೇರ ಸಾಕ್ಷಿ. ಇಂಗ್ಲಿಷ್ ಸಂಗೀತಕಾರ ವಾನ್ ವಿಲಿಯಮ್ಸ್‌ನ ‘ಲಂಡನ್ ಸಿಂಫನಿ’ 1914ರಲ್ಲಿ ಮೊದಲು ಕೇಳಿಬಂದಾಗ ಒಂದು ಗಂಟೆಯಷ್ಟು ಉದ್ದವಿತ್ತು. ಆಮೇಲೆ ಅವನೇ ಮತ್ತೆ ಮತ್ತೆ ಕತ್ತರಿಸಿ ಸುಮಾರು 20 ನಿಮಿಷ ತೆಗೆದುಹಾಕಿದ. ಮೂಲರೂಪ ಮರೆಯಾಯಿತು. ಅವನ ಹೆಂಡತಿ ಅರ್ಸುಲಾ ಆ ಹಳೆಯ ರೂಪವನ್ನು ಮುದ್ರಿಸಿಕೊಳ್ಳಲು ಮಾತ್ರ ಅನುಮತಿ ಕೊಟ್ಟರು, ಕಛೇರಿಯಲ್ಲಿ ನುಡಿಸಲು ಆಗ ಕೊಡಲಿಲ್ಲ. ಕಂಡಕ್ಟರ್ ರಿಚರ್ಡ್ ಹಿಕಾಕ್ಸ್ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆ ಚಾಂಡೋಸ್ ಲೇಬಲ್ಲಿಗೆ ಮುದ್ರಿಸಿದ. ಪ್ರಶಸ್ತಿ ಬಂದಾಗ ಆ ಸಂಗೀತವನ್ನು ಕೇಳಲು ಜಗತ್ತಿನಲ್ಲಿ ಇದ್ದ ಜಾಗ ಆ ಒಂದು ಸಿಡಿ.

ಸಣ್ಣ ಲೇಬಲ್ಲುಗಳಿಗೆ ಈ ಪ್ರಶಸ್ತಿ ಕೊಟ್ಟಷ್ಟು ಬಲ ಬೇರೆ ಯಾವುದೂ ಕೊಟ್ಟಿಲ್ಲ ಎನ್ನಬಹುದು. 1987ರಲ್ಲಿ ಟ್ಯಾಲಿಸ್ ಸ್ಕಾಲರ್ಸ್ ಎಂಬ ಗಾಯನ ತಂಡ ಹಳೆಯ ಸಂಗೀತಕಾರ ಜೋಸ್ಕಿನ್‌ನ ಎರಡು ಮಾಸ್‌ಗಳನ್ನು (ಚರ್ಚಿನ ಪೂಜೆಯ ಗಾಯನಗಳನ್ನು) ತಮ್ಮದೇ ಪುಟ್ಟ ಲೇಬಲ್ ಗಿಮೆಲ್‌ನಿಂದ ತಂದು ವರ್ಷದ ಮುದ್ರಿಕೆ ಗೆದ್ದಿತು. ಪ್ರಾಚೀನ ಸಂಗೀತದ ಮುದ್ರಿಕೆಯೊಂದು ಆ ಸ್ಥಾನಕ್ಕೆ ಬಂದದ್ದು ಅದೇ ಮೊದಲು. ಐನೂರು ವರ್ಷದ ಹಿಂದಿನ, ಪಕ್ಕವಾದ್ಯವಿಲ್ಲದ ಬರಿಗಂಟಲಿನ ಸಂಗೀತ ದೊಡ್ಡ ಕಂಪನಿಗಳ ತಾರೆಗಳನ್ನು ಹಿಂದೆ ಹಾಕಿತು. 2005ರಲ್ಲಿ ಕಂಡಕ್ಟರ್ ಜಾನ್ ಎಲಿಯಟ್ ಗಾರ್ಡಿನರ್‌ನ ಬಾಖ್ ಕ್ಯಾಂಟಾಟಾಗಳ (ವಾದ್ಯಗಳ ಜೊತೆ ಹಾಡುವ ಗಾಯನಕೃತಿಗಳ) ಮೊದಲ ಸಂಪುಟ ಗೆದ್ದಾಗಲೂ ಹೀಗೆಯೇ. 2000ನೇ ಇಸವಿ ಪೂರ್ತಿ ಊರೂರು ಸುತ್ತಿ, ಬಾಖ್‌ನ ಉಳಿದಿರುವ ಚರ್ಚ್ ಕ್ಯಾಂಟಾಟಾಗಳನ್ನು ಆಯಾ ಹಬ್ಬದ ದಿನಕ್ಕೇ ಹಾಡಿ ಮುದ್ರಿಸಿದ್ದರು. ದೊಡ್ಡ ಕಂಪನಿ ಪೂರ್ತಿ ಹೊರತರಲು ಹಿಂದೆಗೆಯಿತು. ಗಾರ್ಡಿನರ್ ಸ್ವಂತ ಲೇಬಲ್ ಕಟ್ಟಿ ಸಂಪುಟಗಳನ್ನು ತಾನೇ ತಂದ. 2012ರಲ್ಲಿ ಬೆಲ್ಜಿಯಂನ ವಾಕ್ಸ್ ಲುಮಿನಿಸ್ ತಂಡ ಹೈನ್ರಿಕ್ ಶುಟ್ಸ್‌ನ ಶವಸಂಸ್ಕಾರದ ಸಂಗೀತಕ್ಕೆ ಗೆದ್ದ ಮೇಲೆ ಆ ತಂಡದ ಹೆಸರು ಎಲ್ಲ ಕಡೆ ಕೇಳಿಬಂತು.

2016ರ ಆಯ್ಕೆ ನನಗೆ ಬಹಳ ಇಷ್ಟ. ಪಿಯಾನೊ ವಾದಕ ಇಗೋರ್ ಲೆವಿಟ್ ಮೂರು ಸಿಡಿಯಲ್ಲಿ ಮೂರೇ ಕೃತಿ ಇಟ್ಟ: ಬಾಖ್‌ನ ಗೋಲ್ಡ್‌ಬರ್ಗ್, 30 ಮಾರ್ಪಾಡು, ಬೀಥೋವನ್‌ನ ಡಿಯಾಬೆಲ್ಲಿ, 33 ಮಾರ್ಪಾಡು, ಅಮೆರಿಕದ ಫ್ರೆಡರಿಕ್ ಜೆವ್ಸ್ಕಿ 1975ರಲ್ಲಿ ಚಿಲಿಯ ಹೋರಾಟದ ಹಾಡೊಂದರ ಮೇಲೆ ಬರೆದ 36 ಮಾರ್ಪಾಡು. ಒಂದು ಎತ್ತುಗಡೆಯನ್ನು ಹಿಡಿದು ಎಷ್ಟು ಬಗೆಯಲ್ಲಿ ಬೆಳೆಸಬಹುದು ಎಂಬುದಕ್ಕೆ ಮೂರು ಶತಮಾನದ ಮೂರು ಉತ್ತರ ಅಕ್ಕಪಕ್ಕ. ನೆರವಲ್, ಕಲ್ಪನಾಸ್ವರ ಕೇಳಿ ಬೆಳೆದ ಕಿವಿಗೆ ಪಾಶ್ಚಾತ್ಯ ಸಂಗೀತದ ಬಾಗಿಲು ತೆರೆಯಲು ಇದಕ್ಕಿಂತ ಒಳ್ಳೆಯ ಪೆಟ್ಟಿಗೆ ನನಗೆ ಗೊತ್ತಿಲ್ಲ. ಮೂರನ್ನು ಬೇರೆ ಬೇರೆಯಾಗಿ ಕೇಳಿದರೆ ಆಗದ ಅರ್ಥ ಒಟ್ಟಿಗೆ ಇಟ್ಟಾಗ ಆಗುತ್ತದೆ. ಈ ಜೋಡಣೆಯ ವಿವೇಕಕ್ಕೂ ಪ್ರಶಸ್ತಿಯಲ್ಲಿ ಪಾಲಿದೆ.

ಅಮೆರಿಕದ ಗ್ರ್ಯಾಮಿ ಹೆಚ್ಚು ಪ್ರಸಿದ್ಧ, ನಮ್ಮವರಿಗೂ ಅದೇ ಪರಿಚಿತ. ಸಿತಾರ್‌ನ ರವಿಶಂಕರ್ ಮತ್ತು ಪಿಟೀಲಿನ ಯೆಹೂದಿ ಮೆನುಹಿನ್ ಜೋಡಿಯ ‘ವೆಸ್ಟ್ ಮೀಟ್ಸ್ ಈಸ್ಟ್’ 1968ರ ಸಮಾರಂಭದಲ್ಲಿ ಗ್ರ್ಯಾಮಿ ಪಡೆದದ್ದು ಚೇಂಬರ್ ಸಂಗೀತದ ವಿಭಾಗದಲ್ಲಿ, ಅಂದರೆ ಶಾಸ್ತ್ರೀಯ ಸಂಗೀತದ ಸಾಲಿನಲ್ಲೇ. ಬೆಂಗಳೂರಿನ ರಿಕ್ಕಿ ಕೇಜ್ ಮೂರು ಗ್ರ್ಯಾಮಿ ಗೆದ್ದಿದ್ದಾರೆ. ಅವು ಶಾಸ್ತ್ರೀಯ ವಿಭಾಗದವಲ್ಲ, ಆದರೂ ಊರಿನವರಿಗೆ ಆ ಹೆಸರಿನ ಮೇಲೆ ಮಮತೆ ಬಂದದ್ದು ಹೀಗೆ.

ಗ್ರ್ಯಾಮಿಯಲ್ಲಿ ನಾನು ಮೆಚ್ಚುವ ಸಂಗತಿಯೊಂದಿದೆ. 1959ರ ಮೊದಲ ಸಮಾರಂಭದಲ್ಲೇ ಶಾಸ್ತ್ರೀಯ ಮುದ್ರಿಕೆಯ ಇಂಜಿನಿಯರಿಗೆ ಪ್ರತ್ಯೇಕ ಪ್ರಶಸ್ತಿ ಇತ್ತು. ಶಾಸ್ತ್ರೀಯ ವಿಭಾಗದ ಪ್ರೊಡ್ಯೂಸರಿಗೂ 1980ರಿಂದ ಇದೆ. ತೆರೆಯ ಹಿಂದಿನವರ ಕೆಲಸವನ್ನು ಹೆಸರು ಹಿಡಿದು ಗುರುತಿಸುವುದರಲ್ಲಿ ಗ್ರ್ಯಾಮಿ ಮುಂದು. ಆದರೆ ಅಲ್ಲಿ ಮತ ಹಾಕುವವರು ರೆಕಾರ್ಡಿಂಗ್ ಅಕಾಡೆಮಿಯ ಸದಸ್ಯರು, ಅಂದರೆ ಉದ್ಯಮದೊಳಗಿನ ಸಾವಿರಾರು ಜನ. ಈಗಿನ ನಿಯಮದಲ್ಲಿ ಒಬ್ಬ ಸದಸ್ಯ ಸಾಮಾನ್ಯ ವಿಭಾಗಗಳನ್ನು ಬಿಟ್ಟು ಹೆಚ್ಚೆಂದರೆ ಮೂರು ಕ್ಷೇತ್ರಗಳಲ್ಲಿ 10 ವಿಭಾಗಕ್ಕೆ ಮತ ಹಾಕಬಹುದು. ಈ ಮಿತಿ ಇಟ್ಟದ್ದು ಒಳ್ಳೆಯದಾಯಿತು. ಆದರೂ ಮತದಾರ ನಾಮನಿರ್ದೇಶನಗೊಂಡ ಐದೂ ಒಪೇರಾಗಳನ್ನು ಕೊನೆಯವರೆಗೆ ಕೇಳಿದನೇ ಎಂದು ಪರೀಕ್ಷಿಸುವ ದಾರಿ ಇಲ್ಲ. ಕೇಳದವನ ಕೈ ಪರಿಚಿತ ಹೆಸರಿನ ಕಡೆಗೇ ಹೋಗುತ್ತದೆ. ಕಂಡಕ್ಟರ್ ಜಾರ್ಜ್ ಸೋಲ್ಟಿ 31 ಗ್ರ್ಯಾಮಿ ಗೆದ್ದಿದ್ದ. ಆ ದಾಖಲೆ ಮುರಿದದ್ದು 2023ರಲ್ಲಿ, ಪಾಪ್ ಗಾಯಕಿ ಬಿಯಾನ್ಸೆ. ಸೋಲ್ಟಿ ಮಹಾನ್ ಕಂಡಕ್ಟರ್ ಎಂಬುದರಲ್ಲಿ ಅನುಮಾನವಿಲ್ಲ. ಆದರೆ 31ರಲ್ಲಿ ಒಂದು ಪಾಲು ಶಿಕಾಗೋ ಸಿಂಫನಿ ಎಂಬ ಮನೆಯ ವಾದ್ಯವೃಂದದ ಹೆಸರಿಗೆ ಸಂದದ್ದು ಎಂದು ನನ್ನ ಎಣಿಕೆ. 2011ರ ನಂತರ ‘ಅತ್ಯುತ್ತಮ ಶಾಸ್ತ್ರೀಯ ಆಲ್ಬಂ’ ಎಂಬ ವಿಭಾಗವನ್ನೇ ಗ್ರ್ಯಾಮಿ ತೆಗೆದುಹಾಕಿತು. ಉಳಿದ ಶಾಸ್ತ್ರೀಯ ಪ್ರಶಸ್ತಿಗಳನ್ನು ಟೀವಿಯಲ್ಲಿ ಬರುವ ಸಂಜೆಯ ಸಮಾರಂಭಕ್ಕೆ ಮುಂಚೆ, ಮಧ್ಯಾಹ್ನ ಕೊಟ್ಟು ಮುಗಿಸುತ್ತಾರೆ.

ಇನ್ನು ಜರ್ಮನಿಯ ಎಕೋ ಕಥೆ ಬೇರೆ. ಪಾಪ್ ಸಂಗೀತದ ಎಕೋ ಪ್ರಶಸ್ತಿಯಲ್ಲಿ ಮಾರಾಟದ ಅಂಕಿಯೇ ಮುಖ್ಯ ಅಳತೆಯಾಗಿತ್ತು. ಅದರ ತಂಗಿಯಂತೆ 1994ರಿಂದ ಎಕೋ ಕ್ಲಾಸಿಕ್ ನಡೆಯುತ್ತಿತ್ತು. 2018ರಲ್ಲಿ ಯಹೂದಿಗಳ ನರಮೇಧವನ್ನು ಹಗುರವಾಗಿ ಆಡಿದ ರ‍್ಯಾಪ್ ಸಾಹಿತ್ಯವಿದ್ದ ಆಲ್ಬಂ ಒಂದಕ್ಕೆ, ಚೆನ್ನಾಗಿ ಮಾರಾಟವಾಗಿದೆ ಎಂಬ ಬಲದ ಮೇಲೆ ಎಕೋ ಸಂದಿತು. ಇದೇ ಇಗೋರ್ ಲೆವಿಟ್ 2014ರಲ್ಲಿ ಪಡೆದಿದ್ದ ತನ್ನ ಎಕೋ ಹಿಂತಿರುಗಿಸಿದ. ಹಲವರು ಅದೇ ದಾರಿ ಹಿಡಿದರು. ಉದ್ಯಮ ಸಂಘ ಎಕೋ ಹೆಸರನ್ನೇ ಮುಚ್ಚಿತು. ಶಾಸ್ತ್ರೀಯ ಸಂಗೀತಕ್ಕೆ ಅದೇ ವರ್ಷ ಓಪಸ್ ಕ್ಲಾಸಿಕ್ ಎಂಬ ಬೇರೆ ಪ್ರಶಸ್ತಿ ಹುಟ್ಟಿತು. ಮಾರಾಟದ ಲೆಕ್ಕವನ್ನು ಗುಣದ ಲೆಕ್ಕಕ್ಕೆ ಬೆರೆಸಿದರೆ ಪ್ರಶಸ್ತಿಗೆ ತನ್ನದೇ ಆಯ್ಕೆಯನ್ನು ಸಮರ್ಥಿಸಿಕೊಳ್ಳುವ ನಾಲಿಗೆ ಇರುವುದಿಲ್ಲ.

ವಿಮರ್ಶಕರ ಕಿವಿಯೂ ಮೋಸ ಹೋಗುತ್ತದೆ. ಜಾಯ್ಸ್ ಹ್ಯಾಟೋ ಎಂಬ ಇಂಗ್ಲಿಷ್ ಪಿಯಾನೊ ವಾದಕಿ ಕಾಯಿಲೆಯಿಂದ ವೇದಿಕೆ ಬಿಟ್ಟು ಬಹಳ ಕಾಲವಾಗಿತ್ತು. ಕೊನೆಯ ವರ್ಷಗಳಲ್ಲಿ ಅವಳ ಹೆಸರಿನಲ್ಲಿ ನೂರಕ್ಕೂ ಹೆಚ್ಚು ಸಿಡಿ ಬಂದವು, ಅವಳ ಗಂಡನ ಲೇಬಲ್ಲಿನಿಂದ. ಗ್ರಾಮಫೋನ್ ವಿಮರ್ಶಕರೂ ಸೇರಿದಂತೆ ಹಲವರು ಕೊಂಡಾಡಿದರು. ಅವಳು ತೀರಿಕೊಂಡದ್ದು 2006ರಲ್ಲಿ. 2007ರ ಫೆಬ್ರವರಿಯಲ್ಲಿ ಒಬ್ಬ ಕೇಳುಗ, ಲಿಸ್ಟ್ ಎಂಬ ಸಂಗೀತಕಾರನ ಕೃತಿಗಳಿದ್ದ ಅವಳ ಸಿಡಿಯನ್ನು ಕಂಪ್ಯೂಟರಿಗೆ ಹಾಕಿದಾಗ ಐಟ್ಯೂನ್ಸ್ ತಂತ್ರಾಂಶ ಬೇರೆಯವರ ಹೆಸರು ತೋರಿಸಿತು: ಲಾಸ್ಲೊ ಸೈಮನ್, ಬಿಸ್ ಲೇಬಲ್. ಸಿಡಿಯಲ್ಲಿ ಒಂದು ಸೆಕೆಂಡಿಗೆ 75 ಫ್ರೇಮು. ಪ್ರತಿ ಟ್ರ್ಯಾಕಿನ ಉದ್ದವನ್ನು ಆ ಫ್ರೇಮುಗಳಲ್ಲಿ ಎಣಿಸಿ ಡೇಟಾಬೇಸು ಸಿಡಿಯ ಗುರುತು ಹಿಡಿಯುತ್ತದೆ. ಬೇರೆ ಬೇರೆ ಇಬ್ಬರು ನುಡಿಸಿದ ಹನ್ನೆರಡು ಟ್ರ್ಯಾಕಿನ ಉದ್ದ ಹಾಗೆ ಕೂಡಿಬರುವುದು ಸಾಧ್ಯವೇ ಇಲ್ಲ. ಅಲೆಯ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಾಗ ಕದ್ದ ಮಾಲು ಬಯಲಾಯಿತು. ಗ್ರಾಮಫೋನ್ ತಾನೇ ಮುಂದೆ ನಿಂತು ಅದನ್ನು ಪ್ರಕಟಿಸಿತು. ಗಂಡ ಆಮೇಲೆ ಒಪ್ಪಿಕೊಂಡ.

ಈ ಪ್ರಕರಣ ನೋಡಿ ವಿಮರ್ಶಕರಿಗೆ ಏನೂ ತಿಳಿಯದು ಎಂದವರುಂಟು. ನಾನು ಹಾಗೆ ಹೇಳಲಾರೆ. ಕದ್ದದ್ದು ಒಳ್ಳೆಯ ವಾದನವನ್ನೇ, ಮೆಚ್ಚಿದ್ದೂ ಒಳ್ಳೆಯ ವಾದನವನ್ನೇ. ತಪ್ಪಿದ್ದು ಬೇರೆ ಕಡೆ. ಮುದ್ರಣ ಎಲ್ಲಿ ಆಯಿತು, ಯಾವ ದಿನ, ಇಂಜಿನಿಯರ್ ಯಾರು, ಜೊತೆಗೆ ನುಡಿಸಿದ ವಾದ್ಯವೃಂದ ನಿಜವಾಗಿ ಇದೆಯೇ ಎಂದು ಯಾರೂ ವಿಚಾರಿಸಲಿಲ್ಲ. ಸಿಡಿಯ ಹಿಂಬದಿಯ ಆ ನಾಲ್ಕು ಸಾಲು ಅಲಂಕಾರಕ್ಕಲ್ಲ ಎಂದು ಎಲ್ಲರಿಗೂ ಮನವರಿಕೆಯಾಯಿತು.

ಈ ಜಗತ್ತಿಗೂ ಮೈಸೂರಿಗೂ ಒಂದು ಹಳೆಯ ಸಂಬಂಧವಿದೆ. 1992ರ ಗ್ರಾಮಫೋನ್ ಕನ್ಸರ್ಟೊ ಪ್ರಶಸ್ತಿ ನಿಕೊಲಾಯ್ ಡೆಮಿಡೆಂಕೊ ಹೈಪೀರಿಯನ್ ಲೇಬಲ್ಲಿಗೆ ನುಡಿಸಿದ ಮೆಟ್ನರ್‌ನ ಎರಡು ಮತ್ತು ಮೂರನೇ ಪಿಯಾನೊ ಕನ್ಸರ್ಟೊಗಳಿಗೆ ಸಂದಿತು. ಮೂರನೆಯದು ಜಯಚಾಮರಾಜ ಒಡೆಯರಿಗೆ ಅರ್ಪಿತವಾದ ಕೃತಿ. ನಿಕೊಲಾಯ್ ಮೆಟ್ನರ್ ರಷ್ಯಾ ಬಿಟ್ಟು ಲಂಡನ್ನಿನಲ್ಲಿ ನೆಲೆಸಿದ್ದ. ಹೊಸ ಕಾಲದವರಿಗೆ ಅವನ ಸಂಗೀತ ಹಳತೆನಿಸಿತ್ತು, ಆರೋಗ್ಯವೂ ಕೆಟ್ಟಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ, ಇನ್ನೂ ಮೂವತ್ತು ತುಂಬದ ಒಡೆಯರು ಮೆಟ್ನರ್ ಸೊಸೈಟಿಗೆ ಹಣ ಕೊಟ್ಟು ಅವನ ಕೃತಿಗಳನ್ನು ಎಚ್‌ಎಂವಿಯಲ್ಲಿ ಮುದ್ರಿಸಲು ಏರ್ಪಾಡು ಮಾಡಿದರು. ಮೂರು ಕನ್ಸರ್ಟೊಗಳಿಗೂ ಮೆಟ್ನರ್ ತಾನೇ ಪಿಯಾನೊ ಮುಂದೆ ಕೂತ, ಜೊತೆಗೆ ಫಿಲ್‌ಹಾರ್ಮೋನಿಯಾ. 1951ರಲ್ಲಿ ಅವನು ತೀರಿಕೊಂಡ. ಆ ಪ್ಲೇಟುಗಳು ಇಲ್ಲದಿದ್ದರೆ ಅವನ ಸಂಗೀತವನ್ನು ಅವನ ಕೈಯಲ್ಲೇ ಇಷ್ಟು ವಿಸ್ತಾರವಾಗಿ ಕೇಳುವ ಭಾಗ್ಯ ನಮಗಿರುತ್ತಿರಲಿಲ್ಲ.

ಫಿಲ್‌ಹಾರ್ಮೋನಿಯಾ ಕಟ್ಟಿದ್ದು 1945ರಲ್ಲಿ ವಾಲ್ಟರ್ ಲೆಗ್, ಮುಖ್ಯವಾಗಿ ಧ್ವನಿಮುದ್ರಣಕ್ಕೆಂದೇ. ಒಡೆಯರು ಅದಕ್ಕೂ ಬೆನ್ನೆಲುಬಾಗಿ ನಿಂತರು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್‌ನ ‘ನಾಲ್ಕು ಕೊನೆಯ ಹಾಡುಗಳು’ ಮೊದಲ ಸಲ ಕೇಳಿಬಂದವು. ಹಾಡಿದ್ದು ಕರ್ಸ್ಟನ್ ಫ್ಲಾಗ್‌ಸ್ಟಾಡ್, ನಡೆಸಿದ್ದು ಫುರ್ಟ್‌ವೆಂಗ್ಲರ್. ಕಾರ್ಯಕ್ರಮ ಮುದ್ರಣಗೊಂಡು ತಮಗೆ ತಲುಪಬೇಕೆಂದು ಒಡೆಯರು 4,800 ಡಾಲರ್ ಖಾತರಿ ಕೊಟ್ಟಿದ್ದರು. ಸದ್ದು ಗೊರಗೊರ, ಅಲ್ಲಲ್ಲಿ ದನಿ ಮುಳುಗುತ್ತದೆ. ಆದರೂ ಆ ರಾತ್ರಿಯ ಹಾಡು ಉಳಿದಿದೆ. ಇದೇ ಒಡೆಯರು ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದ ವಾಗ್ಗೇಯಕಾರರು. ಮುದ್ರಿಕೆ ಎಂಬುದು ಹಣ, ಮುತುವರ್ಜಿ, ದೂರದೃಷ್ಟಿ ಹಾಕಿ ಮಾಡಿಸಬೇಕಾದ ಕೆಲಸ ಎಂಬ ತಿಳಿವು ನಮ್ಮ ನೆಲದಲ್ಲಿ ಆಗಲೇ ಇತ್ತು.

ಹಾಗಿದ್ದರೆ ನಮ್ಮ ಸಂಗೀತದ ಮುದ್ರಿಕೆಗಳಿಗೆ ಇಂಥದ್ದೊಂದು ಪ್ರಶಸ್ತಿ ಬೇಕೇ? ಬೇಕು ಎನ್ನುವವರಲ್ಲಿ ನಾನೊಬ್ಬ. ಆದರೆ ಅಲ್ಲಿನ ನಿಯಮವನ್ನು ಎತ್ತಿ ತಂದರೆ ನಡೆಯುವುದಿಲ್ಲ. ಅಲ್ಲಿ ಒಂದೇ ಸ್ಕೋರಿನ ಇಪ್ಪತ್ತು ಮುದ್ರಿಕೆ ಇರುತ್ತವೆ, ಹೋಲಿಕೆ ಸುಲಭ. ನಮ್ಮ ಖರಹರಪ್ರಿಯ ಆಲಾಪನೆ ಆ ದಿನದ ಮನೋಧರ್ಮಕ್ಕೆ ಬಿಟ್ಟದ್ದು. ಹೊಲಿಗೆ ಹಾಕಿದರೆ ಅದರ ಉಸಿರೇ ಹೋಗುತ್ತದೆ. ಆದ್ದರಿಂದ ಕಛೇರಿಯ ಮುದ್ರಣ ಬೇರೆ, ಸ್ಟುಡಿಯೋ ಮುದ್ರಣ ಬೇರೆ ಎಂದು ಮೊದಲೇ ವಿಂಗಡಿಸಬೇಕು. ಹಳೆಯ ಆಕಾಶವಾಣಿ ಟೇಪುಗಳ ಮರುಪ್ರಕಟಣೆಗೆ ಮೂರನೆಯ ವಿಭಾಗ ಬೇಕು, ಯಾಕೆಂದರೆ ನಮ್ಮ ದೊಡ್ಡ ಸಂಪತ್ತು ಇರುವುದು ಅಲ್ಲೇ. ಅಲ್ಲಿ ತೂಗಬೇಕಾದ್ದು ಟೇಪನ್ನು ಯಾವ ವೇಗದಲ್ಲಿ ಓಡಿಸಿದರು ಎಂಬುದನ್ನು. ವೇಗ ನೂರಕ್ಕೆ ಆರರಷ್ಟು ಹೆಚ್ಚಾದರೆ ಶ್ರುತಿ ಒಂದು ಮನೆ, ಅಂದರೆ ಅರ್ಧ ಸ್ವರ, ಮೇಲೆ ಹೋಗುತ್ತದೆ. ಒಂದೂವರೆ ಕಟ್ಟೆ ಶ್ರುತಿಯಲ್ಲಿ ಹಾಡಿದವರು ಎರಡರಲ್ಲಿ ಹಾಡಿದಂತೆ ಕೇಳಿಸುವ ಪ್ರತಿಗಳು ಈಗಲೂ ಎಲ್ಲೆಡೆ ಹರಿದಾಡುತ್ತವೆ.

ಸದ್ದಿನ ವಿಷಯಕ್ಕೆ ಬಂದರೆ, ನಮ್ಮ ಇವತ್ತಿನ ಹೆಚ್ಚಿನ ಮುದ್ರಣಗಳು ಸಭಾದ ಸೌಂಡ್ ಸಿಸ್ಟಮ್‌ನಿಂದ ನೇರವಾಗಿ ಎಳೆದ ತಂತಿಯವು. ಸಭಿಕರಿಗೆಂದು ಹೊಂದಿಸಿದ ಮಟ್ಟ ಅದು. ವೀಣೆಗೆ ಅಂಟಿಸಿದ ಪಿಕಪ್ (ಪುಟ್ಟ ಮೈಕು) ಗಮಕದ ಕೊನೆಯ ಎಳೆಯನ್ನು ತಂತಿಯ ಝಣಕ್ಕೆ ಇಳಿಸುತ್ತದೆ. ಮೃದಂಗದ ಎಡದ ಗುಮ್ಕಿ ಉಬ್ಬಿ ಗಾಯಕರ ಮಂದ್ರ ಸ್ಥಾಯಿಯನ್ನು ಮುಚ್ಚುತ್ತದೆ. ಮುದ್ರಣಕ್ಕೆಂದೇ ಎರಡು ಒಳ್ಳೆಯ ಮೈಕನ್ನು ವೇದಿಕೆಯಿಂದ ಎರಡು ಮೂರು ಮೀಟರ್ ಮುಂದೆ ಎತ್ತರಕ್ಕೆ ನಿಲ್ಲಿಸಿ, ಆ ಜೋಡಿಯನ್ನೇ ಆಧಾರ ಮಾಡಿ, ಹತ್ತಿರದ ಮೈಕುಗಳನ್ನು ಬೇಕಾದಷ್ಟೇ ಬೆರೆಸಿದರೆ ಸಾಕು, ತಂಬೂರದಿಂದ ತನಿಯವರೆಗೆ ಎಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಖರ್ಚು ದೊಡ್ಡದಲ್ಲ, ಬೇಕಾದದ್ದು ಮೊದಲೇ ಯೋಚಿಸುವ ಅಭ್ಯಾಸ.

ಪ್ರಶಸ್ತಿಗೆ ಕಳಿಸುವ ಯಾವುದೇ ಮುದ್ರಿಕೆಗೆ ನಾನು ಇಡುವ ಮೊದಲ ಷರತ್ತು ಮಾತ್ರ ಸದ್ದಿನದಲ್ಲ, ಹೆಸರುಗಳದು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡು ಮುಗಿಸಿ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದಳು. ಪ್ಲೇಟು ಅಚ್ಚಾಗುತ್ತಿದ್ದ ಜರ್ಮನಿಯ ಹ್ಯಾನೋವರಿನಲ್ಲಿ ಲೇಬಲ್ ಬರೆಯುವವರಿಗೆ ಹಾಡಿದವರು ಯಾರೆಂದು ತಿಳಿಯಲಿ ಎಂದು. ಮುಂದೆ ಮೈಸೂರಿನ ಆಶ್ರಯಕ್ಕೆ ಬಂದು 1930ರಲ್ಲಿ ಇಲ್ಲೇ ತೀರಿಕೊಂಡಳು. ಇವತ್ತು ಸ್ಟ್ರೀಮಿಂಗ್ ಆ್ಯಪ್ ತೆರೆದು ಯಾವುದಾದರೂ ಕಛೇರಿ ನೋಡಿ: ಗಾಯಕರ ಹೆಸರಿದೆ, ಪಿಟೀಲು ಯಾರದು ಎಂದಿಲ್ಲ, ಮೃದಂಗ ಯಾರದು ಎಂದಿಲ್ಲ, ಘಟ ಮೋರ್ಚಿಂಗ್ ಕೇಳಲೇಬೇಡಿ. ಕೃತಿಯ ಮೊದಲ ಪದ ಇದ್ದರೆ ರಾಗ ಇಲ್ಲ, ರಾಗ ಇದ್ದರೆ ವಾಗ್ಗೇಯಕಾರ ಇಲ್ಲ. ದಿನಾಂಕ, ಊರು, ಸಭಾಂಗಣ, ಇಂಜಿನಿಯರ್ ಇರುವ ಮುದ್ರಿಕೆ ಬೆರಳೆಣಿಕೆ. ಪ್ರತಿ ಟ್ರ್ಯಾಕಿಗೂ ರಾಗ, ತಾಳ, ರಚನೆಕಾರರು, ಪಕ್ಕವಾದ್ಯದ ಎಲ್ಲರ ಹೆಸರು, ಶ್ರುತಿಯ ಕಟ್ಟೆ, ಮುದ್ರಣದ ದಿನ, ಜಾಗ, ಮುದ್ರಿಸಿದವರು, ಈ ಎಂಟು ಅಂಕಣ ತುಂಬದ ಅರ್ಜಿಯನ್ನು ಕೇಳುವ ಮೊದಲೇ ಹಿಂದಕ್ಕೆ ಕಳಿಸಬೇಕು. ತಂಬೂರಕ್ಕೆ ಕೂತವರ ಹೆಸರಿಗೆ ಒಂಬತ್ತನೆಯ ಅಂಕಣ.